ಹಣ ಕೊಡುವ ಅತಿಥಿ

ತಿಥಿಯ ಗೊತ್ತಿಲ್ಲದೆ ಬಂದವನು ಅತಿಥಿ ಎಂದು ಅರ್ಥ ಹೇಳುವುದು ವಾಡಿಕೆ. ಬರುವ ದಿನ ಅವನು ತಿಳಿಸಿರುವುದಿಲ್ಲ, ಹೋಗುವ ದಿನವನ್ನು ನಾವು ಕೇಳುವಂತಿಲ್ಲ. ನಮ್ಮ ಬೆಂಗಳೂರಿನಲ್ಲಿ ಈಗ ಬೀದಿಬೀದಿಗೂ ಇನ್ನೊಂದು ಬಗೆಯ ಅತಿಥಿ ಇದ್ದಾನೆ. ಅವನ ತಿಥಿ ಬಹಳ ಖಚಿತ: ಪ್ರತಿ ತಿಂಗಳ ಐದನೆಯ ತಾರೀಖು. ಅಂದು ಹಣ ಎಣಿಸದಿದ್ದರೆ ಆರನೆಯ ತಾರೀಖು ಅವನ ಪೆಟ್ಟಿಗೆ ಬಾಗಿಲಾಚೆ ಇರಬಹುದು. ‘ಪೇಯಿಂಗ್ ಗೆಸ್ಟ್’ ಎಂಬ ಇಂಗ್ಲಿಷ್ ಮಾತು ಎರಡಕ್ಷರಕ್ಕೆ ಇಳಿದು, ಮನುಷ್ಯನನ್ನು ಬಿಟ್ಟು ಕಟ್ಟಡದ ಹೆಸರಾಗಿದೆ. “ಪಿ.ಜಿ.ಯಲ್ಲಿದ್ದೇನೆ ಸಾರ್” ಎನ್ನುತ್ತಾರೆ ನನ್ನ ವಿದ್ಯಾರ್ಥಿಗಳು, ಅತಿಥಿಯೊಳಗೆ ಅತಿಥಿ ವಾಸಮಾಡಿದ ಹಾಗೆ!

ದಂಡಿನ ಕಡೆಯವರಿಗೆ ಈ ಮಾತು ಹೊಸದಲ್ಲ. ಫ್ರೇಜರ್ ಟೌನು, ಕಾಕ್ಸ್ ಟೌನುಗಳ ಬಂಗಲೆಗಳಲ್ಲಿ ಪರಸ್ಥಳದ ನೌಕರನಿಗೆ ಒಂದು ಕೋಣೆ ಕೊಟ್ಟು, ಊಟದ ಮೇಜಿಗೆ ಒಂದು ಕುರ್ಚಿ ಕೂಡಿಸುತ್ತಿದ್ದ ಆಂಗ್ಲೋ-ಇಂಡಿಯನ್ ಸಂಸಾರಗಳಿದ್ದವು. ಪೇಟೆಯ ಕಡೆ ಇದ್ದದ್ದು ವಠಾರ. ಮುಂದಿನ ಮನೆಯಲ್ಲಿ ಯಜಮಾನರು, ಹಿಂದೆ ಸಾಲಾಗಿ ಬಾಡಿಗೆಯವರು, ನಡುವೆ ಒಂದೇ ನಲ್ಲಿ. ಬೆಳಗಾದರೆ ನಲ್ಲಿಯ ಹತ್ತಿರ ಜಗಳ. ಆದರೆ ನಲ್ಲಿಯಲ್ಲಿ ನೀರು ನಿಂತರೆ ಯಜಮಾನರ ಮನೆಯ ಅನ್ನವೂ ಬೇಯುತ್ತಿರಲಿಲ್ಲ. ಈ ಒಂದು ಸಂಗತಿ ಎಷ್ಟೋ ಕಾನೂನುಗಳ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತು. ವಠಾರವನ್ನು ಹೊಗಳುವವರು ಬಾಗಿಲಲ್ಲೇ ಕೇಳುತ್ತಿದ್ದ “ನೀವು ಯಾವ ಪೈಕಿ?” ಎಂಬ ಪ್ರಶ್ನೆಯನ್ನು ಮರೆಯುವುದುಂಟು. ಇಂದಿನ ಪಿ.ಜಿ. ಬಹುಮಟ್ಟಿಗೆ ಅದನ್ನು ಕೇಳುವುದಿಲ್ಲ. ಮುಂಗಡ ಕೊಟ್ಟರೆ ಮಂಚ ಸಿಗುತ್ತದೆ. ಇದು ಸಣ್ಣ ಲಾಭವೆಂದು ನಾನು ಎಣಿಸುವುದಿಲ್ಲ.

ಈಗ ಇಂದಿರಾನಗರದ ಒಂದು ಅಡ್ಡರಸ್ತೆಗೆ ಬನ್ನಿ. ಒಂದು ಸಂಸಾರಕ್ಕೆಂದು ಕಟ್ಟಿದ ಮನೆ. ಮುಂದೆ ಒಂದು ಸಂಪಿಗೆ ಮರ. ಮಕ್ಕಳು ಹೊರದೇಶದಲ್ಲಿದ್ದಾರೆ. ವಯಸ್ಸಾದ ದಂಪತಿಗಳು ಮನೆಯನ್ನು ಇಡಿಯಾಗಿ ಗುತ್ತಿಗೆದಾರನೊಬ್ಬನಿಗೆ ಒಪ್ಪಿಸಿ ಬೇರೆ ಕಡೆ ಹೋಗಿದ್ದಾರೆ. ಅವನು ನಡುಮನೆಗೆ ಪ್ಲೈವುಡ್ಡಿನ ಗೋಡೆ ಎಬ್ಬಿಸಿ ಮಂಚಗಳನ್ನು ಜೋಡಿಸುತ್ತಾನೆ. ದೇವರಕೋಣೆಯಲ್ಲಿ ಬಟ್ಟೆ ಒಗೆಯುವ ಯಂತ್ರ. ಕೆ.ಆರ್. ಪುರದ ಕಡೆ ಹೋದರೆ ಈ ಮಾರ್ಪಾಟಿನ ಕಷ್ಟವೂ ಇಲ್ಲ, ಸಣ್ಣ ನಿವೇಶನದ ಮೇಲೆ ಪಿ.ಜಿ.ಯನ್ನೇ ಅಂತಸ್ತಿನ ಮೇಲೆ ಅಂತಸ್ತಾಗಿ ಕಟ್ಟುತ್ತಾರೆ. ಮನೆಯ ಒಡೆಯನಾಗಲಿ ಗುತ್ತಿಗೆದಾರನಾಗಲಿ ಅಲ್ಲಿ ಮಲಗುವುದಿಲ್ಲ. ನಲ್ಲಿ ನಿಂತರೆ ಇವರಾರ ಗಂಟಲೂ ಒಣಗುವುದಿಲ್ಲ. ವಠಾರಕ್ಕೂ ಪಿ.ಜಿ.ಗೂ ಇರುವ ಅಂತರ ಜನರ ಸಂಖ್ಯೆಯಲ್ಲಿಲ್ಲ, ಇಲ್ಲಿದೆ.

ಯಜಮಾನ ಇಲ್ಲದ ಕಡೆ ಕಾನೂನು ಬರಲೇಬೇಕು. 2024ರ ಜುಲೈ 23ರ ರಾತ್ರಿ ಕೋರಮಂಗಲದ ಪಿ.ಜಿ.ಯೊಂದಕ್ಕೆ ಹೊರಗಿನವನೊಬ್ಬ ನುಗ್ಗಿ ತರುಣಿಯೊಬ್ಬಳನ್ನು ಕೊಂದ. ಮರುತಿಂಗಳೇ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಿಯಮಗಳನ್ನು ಹೊರಡಿಸಿತು: ಉದ್ದಿಮೆ ಪರವಾನಗಿ ಬೇಕು, ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರು ನೀರು, ಹಗಲಿರುಳು ಒಬ್ಬ ಕಾವಲುಗಾರ, ಕ್ಯಾಮರಾಗಳು, ಅವುಗಳ ಚಿತ್ರಗಳನ್ನು 90 ದಿನ ಕಾದಿಡಬೇಕು, ಅಡಿಗೆ ಮಾಡಿ ಬಡಿಸುವುದಾದರೆ ಆಹಾರ ಸುರಕ್ಷತೆಯ ಪರವಾನಗಿ. ಇವುಗಳಲ್ಲಿ ನೀರು, ಜಾಗ, ಕಾವಲುಗಳನ್ನು ಯಾರೂ ಬೇಡವೆನ್ನಲಾರರು. ಕ್ಯಾಮರಾದ ಮಾತು ಬೇರೆ. ಆ ಕೋರಮಂಗಲದ ಪಡಸಾಲೆಯಲ್ಲೂ ಕ್ಯಾಮರಾ ಇತ್ತು. ನಡೆದದ್ದನ್ನೆಲ್ಲ ಅದು ಕಂಡಿತು, ಹಿಡಿಯಲು ಅದಕ್ಕೆ ಕೈಗಳಿರಲಿಲ್ಲ. ಕೊಲೆಗಾರನನ್ನು ಆಮೇಲೆ ಗುರುತಿಸಲು ಅದು ನೆರವಾಗುತ್ತದೆ, ನಿಜ. ಅದರ ಜೊತೆಗೆ, ಕೆಲಸ ಮುಗಿಸಿ ರಾತ್ರಿ ತಡವಾಗಿ ಬರುವ ಹುಡುಗಿಯ ಬರವುಹೋಗುಗಳೆಲ್ಲ ಮೂರು ತಿಂಗಳು ಇನ್ನೊಬ್ಬರ ವಶದಲ್ಲಿರುತ್ತವೆ. ತನ್ನ ಸ್ವಂತ ಮನೆಯ ಓಣಿಯಲ್ಲಿ ನಾವು ಯಾರಾದರೂ ಇದಕ್ಕೆ ಒಪ್ಪುತ್ತೇವೆಯೆ?

ಸ್ವಂತ ಮನೆ ಎಂದೆ. ಪಿ.ಜಿ. ಮನೆಯೋ ಅಂಗಡಿಯೋ ಎಂಬುದೇ ಇತ್ಯರ್ಥವಾಗಲು ಬಹಳ ಕಾಲ ಹಿಡಿಯಿತು. ವಿದ್ಯಾರ್ಥಿಗಳೂ ದುಡಿಯುವ ಹೆಂಗಸರೂ ತಿಂಗಳುಗಟ್ಟಲೆ ಇರುವ ಹಾಸ್ಟೆಲು ವಾಸದ ಮನೆಯೇ ಎಂದು ಕರ್ನಾಟಕ ಹೈಕೋರ್ಟು 2022ರಲ್ಲಿ ಜಿ.ಎಸ್.ಟಿ. ಮೊಕದ್ದಮೆಯೊಂದರಲ್ಲಿ ಹೇಳಿತು. ಮರುವರ್ಷ ರಾಜ್ಯದ ತೆರಿಗೆ ಮುಂಗಡ ನಿರ್ಣಯ ಪ್ರಾಧಿಕಾರ ಇನ್ನೊಂದು ಪ್ರಕರಣದಲ್ಲಿ, ಇಲ್ಲ, ಮನೆಯಲ್ಲ ಎಂದಿತು. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ತೆರಿಗೆಯ ಲೆಕ್ಕದಲ್ಲಿ ಮನೆಯಾದದ್ದು ಪಾಲಿಕೆಯ ಲೆಕ್ಕದಲ್ಲಿ ಉದ್ದಿಮೆಯಾಗಿಯೇ ಉಳಿದಿದೆ. ಈ ವಾದಗಳೆಲ್ಲ ಒಡೆಯನಿಗೂ ಸರ್ಕಾರಕ್ಕೂ ನಡುವೆ ನಡೆದವು. ಮಂಚದ ಮೇಲೆ ಮಲಗಿದವನು ಯಾರು ಎಂದು ಕೇಳಿದವರು ಕಡಿಮೆ.

ಬಾಡಿಗೆದಾರ ಅವನಲ್ಲ. ಅವನು ಸಹಿ ಮಾಡುವ ಕಾಗದ, ಕಾಗದವೆಂಬುದು ಇದ್ದರೆ, ಸಾಮಾನ್ಯವಾಗಿ ಬರಿಯ ಅನುಮತಿಪತ್ರ. ಜಾಗದಲ್ಲಿ ಇರಲು ಒಪ್ಪಿಗೆಯುಂಟು, ಜಾಗದ ಮೇಲೆ ಹಕ್ಕಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಪರೀಕ್ಷೆಯ ವಾರದಲ್ಲಿ, ಕಟ್ಟಡ ಇನ್ನೊಬ್ಬ ಗುತ್ತಿಗೆದಾರನ ಕೈಗೆ ಹೋಯಿತೆಂದು, ಎರಡು ದಿನದಲ್ಲಿ ಖಾಲಿ ಮಾಡಲು ಹೇಳಿದರು. ಮುಂಗಡ ಹಳಬನ ಹತ್ತಿರ ಇದೆಯೆಂದು ಹೊಸಬ, ಹೊಸಬನಿಗೆ ಕೊಟ್ಟೆನೆಂದು ಹಳಬ. ಅತಿಥಿಯ ಮರ್ಯಾದೆಯೂ ಇಲ್ಲ, ಬಾಡಿಗೆದಾರನ ಹಕ್ಕೂ ಇಲ್ಲ. ಎರಡು ಹೆಸರುಗಳ ನಡುವೆ ಅವಳು ಬೀದಿಯಲ್ಲಿ ನಿಂತಳು.

ನೆರೆಯವರ ದೂರನ್ನೂ ಕೇಳಬೇಕು. ಐದು ಮಂದಿಗೆಂದು ಹಾಕಿದ ಒಳಚರಂಡಿ ಕೊಳವೆಗೆ ನಲವತ್ತು ಮಂದಿ ಬಂದರೆ ಅದು ಉಕ್ಕುವುದು ಪಕ್ಕದ ಮನೆಯ ಅಂಗಳದಲ್ಲೇ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಸುತ್ತಿನ ಗಲ್ಲಿಗಳಲ್ಲಿ ಇನ್ನು ಮೋಟಾರ್ ಸೈಕಲ್ಲು ನಿಲ್ಲಿಸಲು ಎಡೆಯೆಲ್ಲಿ? ಇದು ಅಳೆದು ಬಗೆಹರಿಸಬಹುದಾದ ದೂರು. ಆದರೆ ಇದರ ನೆರಳಿನಲ್ಲಿ ಇನ್ನೊಂದು ದೂರು ನುಸುಳುತ್ತದೆ: “ಇದು ಸಂಸಾರಸ್ಥರ ಬೀದಿ, ಇವರೆಲ್ಲ ಯಾರೋ.” ಚರಂಡಿಯ ಹೆಸರಿನಲ್ಲಿ ಮನುಷ್ಯರನ್ನು ಹೊರಗೆ ಹಾಕಲು ನಿಯಮವನ್ನು ಬಳಸುವುದು ನ್ಯಾಯವಲ್ಲ. ಕನ್ನಡದಲ್ಲಿ ‘ಒಕ್ಕಲು’ ಎಂಬ ಹಳೆಯ ಮಾತಿದೆ. ಸಂಸಾರಕ್ಕೂ ಒಕ್ಕಲೆನ್ನುತ್ತೇವೆ, ಇನ್ನೊಬ್ಬರ ನೆಲದಲ್ಲಿ ಇರುವವನಿಗೂ ಒಕ್ಕಲೆನ್ನುತ್ತೇವೆ. ಹೊಸ ಮನೆಯ ಪ್ರವೇಶಕ್ಕೂ ಮನೆಯೊಕ್ಕಲು ಎಂಬ ಹೆಸರುಂಟು. ಬಂದು ನೆಲೆನಿಂತವನು ಯಾರ ಮಗ ಎಂದು ಆ ಮಾತು ಕೇಳುವುದಿಲ್ಲ.

2024ರ ನಿಯಮಗಳನ್ನು ಮಾಡಿದ ಪಾಲಿಕೆ ಈಗಿಲ್ಲ. 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳು ಬಂದಿವೆ. ಶಿವಾಜಿನಗರ ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ ಸೇರಿವೆ. ಪರವಾನಗಿಯ ಅರ್ಜಿಯನ್ನು ಹೇಗೂ ಹೊಸದಾಗಿ ಅಚ್ಚುಹಾಕಿಸುತ್ತಾರೆ. ಚದರ ಅಡಿ, ಲೀಟರು, ಕ್ಯಾಮರಾಗಳ ಕೆಳಗೆ ಇನ್ನು ಮೂರು ಸಾಲು ಸೇರಿಸಲಿ: ಇರುವವನ ಕೈಗೆ ಕೊಟ್ಟ ಕರಾರಿನ ಪ್ರತಿ, ಮುಂಗಡದ ರಸೀದಿ, ಬಿಡಿಸಬೇಕಾದರೆ ಎಷ್ಟು ದಿನದ ಮುನ್ಸೂಚನೆ. ಒಡೆಯ ಬೇರೆ ಕಡೆ ಮಲಗುವವನಾದರೆ, ನಡುರಾತ್ರಿಯಲ್ಲಿ ನೀರು ನಿಂತಾಗ ಯಾರ ಬಾಗಿಲು ತಟ್ಟಬೇಕೆಂಬುದನ್ನೂ ಅಲ್ಲೇ ಬರೆಸಿಕೊಳ್ಳಲಿ.