ಶುಶ್ರೂಷೆಯೂ ಸ್ಥೈರ್ಯವೂ

ದಾದಿಯರನ್ನು ಹೊಗಳುವವರು ಬಹುಮಟ್ಟಿಗೆ ಅವರ ಸಹನೆಯನ್ನೇ ಹೊಗಳುವರು. ಪ್ರತಿ ವರ್ಷ ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲಳ ಜನ್ಮದಿನದಲ್ಲಿ, ಭೂಮಿತಾಯಿಯ ತಾಳ್ಮೆಯೇ ಮೊದಲಾದ ಉಪಮಾನಗಳು ಸಭೆಗಳಲ್ಲಿ ಧಾರಾಳವಾಗಿ ಕೇಳಿಬರುವುವು. ಚರಕಸಂಹಿತೆಯ ಮಾತು ಬೇರೆ. ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನನ್ನೂ ಒಂದಾಗಿ ಎಣಿಸುವ ಆ ಗ್ರಂಥವು ಆತನಲ್ಲಿರಬೇಕಾದ ಗುಣಗಳೆಂದು ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕನ್ನು ಮಾತ್ರ ಹೆಸರಿಸುತ್ತದೆ. ಸಹನೆಯು ಆ ಪಟ್ಟಿಯಲ್ಲಿಲ್ಲ. ಧೈರ್ಯವನ್ನಾದರೋ ಅದು ಕೇಳುವುದು ರೋಗಿಯಿಂದ!

ತಿಳಿವಳಿಕೆಯನ್ನು ಮೊದಲಿಗಿಟ್ಟು ಸಹನೆಯನ್ನು ಬಿಟ್ಟುದು ಮರೆವಿನಿಂದಾದುದೆಂದು ತೋರುವುದಿಲ್ಲ. ತಾನು ಮಾಡುತ್ತಿರುವುದೇನು, ಏತಕ್ಕಾಗಿ ಎಂಬುದನ್ನು ಬಲ್ಲವಳಿಗೆ ಸ್ಥೈರ್ಯವು ತಾನಾಗಿಯೇ ಬರುತ್ತದೆ. ಕಾರಣವನ್ನರಿಯದೆ ಬರಿಯ ಆಜ್ಞೆಯನ್ನು ಹೊತ್ತು ನಡೆಯುವವಳಿಂದ ಅದನ್ನು ಬೇಡುವುದು, ತಳಹದಿಯಿಲ್ಲದ ಗೋಡೆಯನ್ನು ಅಲುಗಾಡದೆ ನಿಲ್ಲೆಂದು ಬೇಡಿದಂತೆ.

ಬೆಂಗಳೂರಿನ ಉತ್ತರ ಭಾಗದವರಿಗೆ ಇದಕ್ಕೆ ನಿದರ್ಶನವನ್ನು ದೂರದಿಂದ ತರಬೇಕಾದುದಿಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ, ಕೊರೋನದ ಎರಡನೆಯ ಅಲೆ ಎದ್ದಾಗ, ಯಲಹಂಕದ ಬಳಿಯ ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತುದನ್ನು ಕಂಡವರು ಮರೆಯಲಾರರು. ಆ ದಿನಗಳಲ್ಲಿ ದಾದಿಯರು ಮೈಯೆಲ್ಲ ಮುಚ್ಚುವ ಉಡುಪಿನೊಳಗೆ ಬೆವರುತ್ತ ದುಡಿದರು. ದೇಹದ ಆ ದಣಿವಿಗೆ ನಿದ್ರೆಯೊಂದು ಪರಿಹಾರವಾಗಬಹುದಾಗಿತ್ತು. ನಿದ್ರೆಯಿಂದ ಹೋಗದ ದಣಿವು ಮತ್ತೊಂದಿತ್ತು. ನಿನ್ನೆ ಸರಿಯೆನಿಸಿದ್ದು ಇಂದು ತಪ್ಪಾಗುತ್ತಿತ್ತು. ಆ ತಪ್ಪನ್ನು ಜನರ ಮುಂದೆ ನಿಂತು ಹೇಳುವ ಸರದಿ ಆಕೆಯದಾಗಿತ್ತು.

ಲಸಿಕೆಯ ವಿಷಯವನ್ನೇ ನೋಡಬಹುದು. 2021ರ ಜನವರಿಯಲ್ಲಿ ಕೋವಿಶೀಲ್ಡಿನ ಎರಡು ಡೋಸುಗಳ ನಡುವೆ 4ರಿಂದ 6 ವಾರಗಳ ಅಂತರವೆಂದಿತ್ತು. ಮಾರ್ಚಿನಲ್ಲಿ ಅದು 8 ವಾರಗಳವರೆಗೆ ಹೋಯಿತು. ಮೇ 13ರಂದು 12ರಿಂದ 16 ವಾರಗಳಾಯಿತು. ಇಂಗ್ಲೆಂಡಿನ ಅನುಭವವನ್ನು ಆಧರಿಸಿ ಈ ಬದಲಾವಣೆಯನ್ನು ಮಾಡಿದುದಾಗಿ ಸರ್ಕಾರ ಹೇಳಿತು. ಆದರೆ ಅದೇ ದಿನಗಳಲ್ಲಿ ರಾಜ್ಯದಲ್ಲಿ ಲಸಿಕೆಯ ಅಭಾವವೂ ಇದ್ದಿತು. ಎರಡನೆಯ ಡೋಸಿನ ದಿನವನ್ನು ಎಣಿಸಿಕೊಂಡು ಬಿಸಿಲಿನಲ್ಲಿ ಬಂದ ವೃದ್ಧರೊಬ್ಬರು, "ಸಿಸ್ಟರ್, ಹೋದ ಸಲ ನೀವು ಬರೆದುಕೊಟ್ಟ ತಾರೀಖು ಸುಳ್ಳೋ, ಇಂದು ಹೇಳುವುದು ಸುಳ್ಳೋ?" ಎಂದು ಕೇಳಿದರೆ ಆಕೆ ಏನೆನ್ನಬೇಕು? ಅಂತರ ಹೆಚ್ಚಿದರೆ ಶರೀರದ ರೋಗನಿರೋಧಕ ಶಕ್ತಿ ಇನ್ನೂ ಚೆನ್ನಾಗಿ ಬಲಿಯುವುದೆಂದು ತಜ್ಞರು ಕಂಡಿದ್ದಾರೆ, ಲಸಿಕೆಯೂ ಕಡಿಮೆಯಿದೆ, ಎರಡೂ ನಿಜ, ಎಂದು ಹೇಳಬಲ್ಲವಳು ಬೈಗುಳವನ್ನು ತಿಂದರೂ ಕುಗ್ಗುವುದಿಲ್ಲ. "ಮೇಲಿನಿಂದ ಹಾಗೆ ಬಂದಿದೆ" ಎಂಬುದೊಂದೇ ಉತ್ತರವುಳ್ಳವಳಿಗೆ, ಯಾರೂ ಬೈಯದಿದ್ದರೂ, ತಾನು ಸುಳ್ಳಿಗೆ ಬಾಯಾದೆನೆಂಬ ಕೊರಗು ಉಳಿಯುತ್ತದೆ.

ಜ್ಞಾನವು ಬೆಳೆದಂತೆ ಪದ್ಧತಿ ಬದಲಾಗಲೇಬೇಕು, ಅದು ದೋಷವಲ್ಲ. ಬದಲಾವಣೆಯು ಕಾರಣವನ್ನು ಮನೆಯಲ್ಲಿ ಬಿಟ್ಟು ಒಂಟಿಯಾಗಿ ಬರುವುದೇ ದೋಷ. ಮಾರಿಯ ಕಾಲದಲ್ಲಿ ವಿವರಿಸುತ್ತ ಕುಳಿತರೆ ರೋಗಿ ಉಳಿದಾನೆಯೇ, ಸೈನಿಕನಂತೆ ದಾದಿಯೂ ಮೊದಲು ಆಜ್ಞೆಯನ್ನು ಪಾಲಿಸಬೇಡವೇ, ಎಂದು ಕೆಲವರು ಆಕ್ಷೇಪಿಸಬಹುದು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ನಡೆದುದೇನು? ರೋಗಿಗಳನ್ನು ಮನೆಯಿಂದ ಬೇರ್ಪಡಿಸಿ ಒಯ್ಯುವ ಆಜ್ಞೆಗಳಿಗೆ ಹೆದರಿ ಜನರು ರೋಗವನ್ನೇ ಬಚ್ಚಿಟ್ಟರು. ಆಜ್ಞೆ ಮಾಡಿದವರಿಗಾದರೂ ಕಾರಣ ಪೂರ್ತಿ ತಿಳಿದಿತ್ತೆ? ಇಲಿಯ ಚಿಗಟದಿಂದ ಪ್ಲೇಗು ಹರಡುವುದೆಂಬುದನ್ನು ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ತೋರಿಸಿಕೊಟ್ಟುದು ಅದೇ ವರ್ಷ. ಲೋಕವು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳು ಹಿಡಿದುವು. "ಕಾರಣ ನಮಗೂ ಪೂರ್ಣವಾಗಿ ತಿಳಿಯದು, ಆದರೂ ಇಷ್ಟನ್ನು ಮಾಡೋಣ" ಎಂಬ ಮಾತಿಗೆ ಎಷ್ಟು ಹೊತ್ತು ಬೇಕು? ಆಜ್ಞೆಯನ್ನು ಬೆಳಗ್ಗೆ ಪಾಲಿಸಿದವಳಿಗೆ ಸಂಜೆಯೊಳಗಾದರೂ ಆ ಒಂದು ಮಾತು ಸಲ್ಲಬೇಕು. ಮೇಲಿನವರಿಗೆ ಇದು ಕಷ್ಟವಾಗುವುದು ಸಮಯದ ಅಭಾವದಿಂದಲ್ಲ, ಗೌರವದ ಭಯದಿಂದ.

ಮಾಡಬೇಕಾದುದನ್ನು ಬಲ್ಲವಳಿಗೆ ಸಂಸ್ಥೆಯ ಕಟ್ಟುಪಾಡುಗಳೇ ಅಡ್ಡಿಯಾದಾಗ ಹುಟ್ಟುವ ವೇದನೆಗೆ ಅಮೆರಿಕದ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ನೈತಿಕ ಸಂಕಟವೆಂಬರ್ಥದ ಹೆಸರನ್ನಿಟ್ಟನು. ಈ ಸಂಕಟಕ್ಕೆ ದಾದಿಯ ಮನಸ್ಸಿನ ದೌರ್ಬಲ್ಯವೇ ಕಾರಣವೆಂದು ಭಾವಿಸಿ, ಆಕೆಗೆ ಧ್ಯಾನವನ್ನೂ ಪ್ರಾಣಾಯಾಮವನ್ನೂ ಕಲಿಸಿ ಕೈತೊಳೆದುಕೊಳ್ಳುವುದು ಈಚಿನ ವಾಡಿಕೆ. ಪ್ರಾಣಾಯಾಮ ಒಳ್ಳೆಯದೇ, ಒಬ್ಬಳು ಇಬ್ಬರ ಪಾಳಿಯನ್ನು ಮಾಡುವುದಕ್ಕೆ ಅದು ಮದ್ದಲ್ಲ.

ಇನ್ನು, ಬದಲಾವಣೆಯನ್ನು ತಿಳಿಸುವ ಭಾರ ದಾದಿಯ ಮೇಲೂ ಇದೆ. ರೋಗಿಯ ಸ್ಥಿತಿ ಕೆಟ್ಟಿತೆಂಬುದನ್ನು ಮೊದಲು ಕಾಣುವವಳು ಆಕೆ. ಹೆಬ್ಬಾಳ, ಯಶವಂತಪುರಗಳ ಆಸ್ಪತ್ರೆಗಳಲ್ಲಿ ದುಡಿಯುವವರಲ್ಲಿ ಕೇರಳದಿಂದ ಬಂದವರು ಅನೇಕರು. ನಾಡಿಯನ್ನೂ ಉಸಿರನ್ನೂ ತಪ್ಪಿಲ್ಲದೆ ಅಳೆಯಬಲ್ಲ ಇಂತಹವರು, ದೊಡ್ಡಬಳ್ಳಾಪುರದ ಕಡೆಯ ಅಜ್ಜಿಗೆ "ನಿಮ್ಮ ಯಜಮಾನರಿಗೆ ರಾತ್ರಿಗಿಂತ ಈಗ ಜಾಸ್ತಿಯಾಗಿದೆ" ಎಂಬುದನ್ನು ಹೇಳಲು ಕನ್ನಡದ ನಾಲ್ಕು ಮಾತುಗಳಿಗಾಗಿ ತಡಕಾಡುವರು. ಆಗ "ಏನೂ ಆಗಿಲ್ಲಮ್ಮ" ಎಂಬುದೇ ಸುಲಭವಾಗಿ ಬಾಯಿಗೆ ಬರುವ ಮಾತು. ನೈಟಿಂಗೇಲಳು 1859ರ ತನ್ನ ಶುಶ್ರೂಷಾಗ್ರಂಥದಲ್ಲಿ ಇಂತಹ ಹುಸಿ ಭರವಸೆಯನ್ನು ಖಂಡಿಸುವುದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಳು. ತಾನಿಲ್ಲದ ಹೊತ್ತಿನಲ್ಲಿಯೂ ತನ್ನ ಕೆಲಸ ನಡೆಯುವಂತೆ ಏರ್ಪಾಡು ಮಾಡುವುದನ್ನು ಶುಶ್ರೂಷೆಯ ಮುಖ್ಯ ಭಾಗವೆಂದು ಆಕೆ ಎಣಿಸಿದ್ದಳು.

ಆ ಏರ್ಪಾಡು ಪಾಳಿ ಬದಲಾಗುವ ಹೊತ್ತಿನಲ್ಲಿ ಕಾಣುತ್ತದೆ. ಹೋಗುವವಳು ಬರುವವಳಿಗೆ ಒಂದೊಂದೇ ಹಾಸಿಗೆಯ ಬಳಿ ನಿಂತು ಹೇಳುವಳು: ಏಳನೆಯವರ ಉಸಿರು ಮಧ್ಯಾಹ್ನದಿಂದ ಏರಿದೆ, ಡಾಕ್ಟರಿಗೆ ಎರಡು ಸಲ ತಿಳಿಸಿದೆ, ಔಷಧವನ್ನು ಬದಲಾಯಿಸಿದ್ದಾರೆ, ಕಾರಣ ಇದು, ಮಗಳು ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಳೆ, ಅವಳಿಗೆ ಇನ್ನೂ ಹೇಳಿಲ್ಲ.