ಕಥೆ ಮುಗಿದಲ್ಲಿ ಮೊದಲಾಗುವ ಪ್ರೀತಿ



ಕ್ರೈಸ್ತ ಪ್ರೇಮಕಥೆಗಳನ್ನು ಓದುವುದು ತಪ್ಪೇ ಎಂದು ಕೆಲವರು ಕೇಳುವುದುಂಟು. ತಪ್ಪೇನೂ ಅಲ್ಲ. ಪವಿತ್ರ ಗ್ರಂಥದಲ್ಲೇ ಅಂಥ ಕಥೆಗಳಿವೆ. ರಾಖೇಲಳಿಗಾಗಿ ಯಕೋಬನು ಏಳು ವರ್ಷ ಮಾವನ ಮನೆಯಲ್ಲಿ ದುಡಿದ. ಪ್ರೀತಿಯಿದ್ದುದರಿಂದ ದಣಿವು ತಿಳಿಯಲಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಪುಸ್ತಕ ಮುಚ್ಚಿಟ್ಟ ಮೇಲೆ ಆ ಕಥೆ ನಮ್ಮನ್ನು ಮನೆಯವರ ಹತ್ತಿರಕ್ಕೆ ತರುತ್ತದೆಯೇ, ದೂರಕ್ಕೆ ಒಯ್ಯುತ್ತದೆಯೇ?

ನಮ್ಮ ನಾಡಿನಲ್ಲೂ ಕ್ರೈಸ್ತರ ಇತಿಹಾಸವನ್ನು ಹೇಳುವ ಕಾದಂಬರಿಗಳಿವೆ. 'ಖಡಾಪ್' ಎಂಬ ಕಾವ್ಯನಾಮದ ವಿ. ಜೆ. ಪಿ. ಸಲ್ಡಾನ್ಹಾ ಅವರು ಟಿಪ್ಪುವಿನ ಕಾಲದಲ್ಲಿ, 1784ರಿಂದ 1799ರವರೆಗೆ, ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದ ಕರಾವಳಿಯ ಕಥೋಲಿಕರನ್ನು ಕುರಿತು ಕೊಂಕಣಿಯಲ್ಲಿ ಬರೆದರು. ಸೆರೆಯಿಂದ ಬಿಡುಗಡೆಯಾದಾಗ ಕಥೆ ಮುಗಿಯಿತೆಂದು ನಮಗೆ ಅನಿಸಬಹುದು. ಆದರೆ ಮರಳಿ ಬಂದ ಕುಟುಂಬಗಳು ಹಾಳುಬಿದ್ದ ಇಗರ್ಜಿಗಳನ್ನೂ ಮನೆಗಳನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಪ್ರೀತಿಯ ನಿಜವಾದ ಕೆಲಸ ಶುರುವಾದದ್ದು ಆಗ.

ಅಮೆರಿಕದಲ್ಲಿ ವಸಾಹತು ಕಾಲದ ಕ್ರೈಸ್ತ ಪ್ರೇಮ ಕಾದಂಬರಿಗಳಿಗೆ ಓದುಗರು ಬಹಳ. ಹಡಗಿನಲ್ಲಿ ಬಂದ ಕನ್ಯೆ, ಕಾಡು ಕಡಿದು ಮನೆ ಕಟ್ಟುವ ಯುವಕ, ಕೊನೆಗೆ ಮದುವೆ. ನಡೆದ ಸಂಗತಿ ಅಷ್ಟು ಸಿಹಿಯಲ್ಲ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಹೋದ 102 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಸುಸಾನಾ ವೈಟ್ ಫೆಬ್ರವರಿಯಲ್ಲಿ ಗಂಡನನ್ನೂ, ಎಡ್ವರ್ಡ್ ವಿನ್ಸ್ಲೋ ಮಾರ್ಚಿಯಲ್ಲಿ ಹೆಂಡತಿಯನ್ನೂ ಕಳೆದುಕೊಂಡರು. 1621ರ ಮೇ ತಿಂಗಳಲ್ಲಿ ಅವರಿಬ್ಬರೂ ಮದುವೆಯಾದರು. ಆಕೆಯ ಮಡಿಲಲ್ಲಿ ಹಡಗಿನಲ್ಲೇ ಹುಟ್ಟಿದ ಹಸುಗೂಸು, ಪಕ್ಕದಲ್ಲಿ ಇನ್ನೊಬ್ಬ ಪುಟ್ಟ ಮಗ. ವಿವಾಹವನ್ನು ಅವರು ಸಂಸ್ಕಾರವೆಂದು ಎಣಿಸಿದವರಲ್ಲ. ಆಡಳಿತಗಾರನ ಮುಂದೆ ಮದುವೆಯಾದವರು. ಆದರೂ ದುಃಖದ ನಡುವೆ ಒಬ್ಬರ ಹೊಣೆಯನ್ನು ಇನ್ನೊಬ್ಬರು ಹೊತ್ತರು. ಹಾಗಿದ್ದರೆ, ವಿವಾಹವನ್ನು ಪವಿತ್ರ ಸಂಸ್ಕಾರವೆಂದು ನಂಬುವ ನಮ್ಮ ಹೊಣೆ ಎಷ್ಟು ದೊಡ್ಡದು!

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಎಷ್ಟೋ ಮನೆಗಳ ಗಂಡಸರು ದುಡಿಯಲು ಪುಣೆ, ಮುಂಬೈ ಕಡೆ ಹೋಗುತ್ತಾರೆ. ಊರಲ್ಲಿ ಉಳಿದವಳು ಮಕ್ಕಳ ಶಾಲೆ, ಅತ್ತೆಯ ಔಷಧ, ಕೈಸಾಲ ಎಲ್ಲವನ್ನೂ ಒಬ್ಬಳೇ ನಿಭಾಯಿಸುತ್ತಾಳೆ. ಅಲ್ಲಿ ಅವನು ತಗಡಿನ ಶೆಡ್ಡಿನಲ್ಲಿ ಮಲಗಿ ನಾಲ್ಕು ಕಾಸು ಉಳಿಸುತ್ತಾನೆ. ಇವರನ್ನು ಕುರಿತು ಯಾರೂ ಕಾದಂಬರಿ ಬರೆಯುವುದಿಲ್ಲ. ಆದರೂ ಒಬ್ಬರಿಗೊಬ್ಬರು ನಂಬಿಗಸ್ತರಾಗಿರುವ ಈ ದಂಪತಿಗಳ ಬಾಳು ದೇವರ ಕಣ್ಣಿನಲ್ಲಿ ಪುಣ್ಯಕಥೆ.

ಕಥೆಯ ನಾಯಕನಂತೆ ನನ್ನ ಗಂಡನಿಲ್ಲ, ನಾಯಕಿಯಂತೆ ನನ್ನ ಹೆಂಡತಿಯಿಲ್ಲ ಎಂಬ ಕೊರಗು ಮನೆಹೊಕ್ಕರೆ ಪ್ರೀತಿ ಒಣಗುತ್ತದೆ. ಫೋನಿನಲ್ಲಿ ದುಡ್ಡಿನ ಮಾತಷ್ಟೇ ಉಳಿದರೂ ಒಣಗುತ್ತದೆ. ಇನ್ನೊಂದು ಮಾತು: ಹೊಡೆತವನ್ನು ಸಹಿಸುವುದೇ ನಿಷ್ಠೆಯೆಂದು ಯಾವ ತಾಯಿಯೂ ತಿಳಿಯಬೇಡಿ. ಹೊಡೆಯುವವನೇ ಮಾತು ಮುರಿದವನು.

ಸಾರಳ ಏಳು ಮಂದಿ ಗಂಡಂದಿರು ಮದುವೆಯ ರಾತ್ರಿಯೇ ಸತ್ತಿದ್ದರು. ಅವಳನ್ನು ವರಿಸಿದ ತೊಬಿಯಾಸನು ಆ ರಾತ್ರಿ ಹಾಸಿಗೆಯಿಂದ ಎದ್ದು, ಹೆಂಡತಿಯನ್ನೂ ಎಬ್ಬಿಸಿ, ಇಬ್ಬರೂ ಕೂಡಿ ಪ್ರಾರ್ಥಿಸಿದರು. ದಂಪತಿಗಳೇ, ದೂರದಲ್ಲಿದ್ದರೂ ಇಂದು ರಾತ್ರಿ ಫೋನು ಇಡುವ ಮುನ್ನ ಒಂದು 'ಪರಲೋಕ ಮಂತ್ರ'ವನ್ನು ಕೂಡಿ ಹೇಳಿರಿ. ಪ್ರಭು ನಿಮ್ಮಿಬ್ಬರ ನಡುವೆ ಇರುವರು.