ದಡದಲ್ಲಿ ನಿಂತವನ ನಡುಕ

ಅನುಕಂಪೆಯೆಂಬ ಶಬ್ದದ ಮೂಲದಲ್ಲಿಯೇ ಅದರ ಮಹಿಮೆಯೂ ಮಿತಿಯೂ ಅಡಗಿವೆ. ಒಬ್ಬನು ಕಂಪಿಸಿದಾಗ ಅವನನ್ನು ಅನುಸರಿಸಿ ಇನ್ನೊಬ್ಬನು ಕಂಪಿಸುವುದೆಂದು ಅದರ ಅರ್ಥವಾದುದರಿಂದ, ಎರಡನೆಯವನ ನಡುಕವು ಎಷ್ಟು ಪ್ರಾಮಾಣಿಕವಾಗಿದ್ದರೂ ಮೊದಲನೆಯವನ ನಡುಕದ ಹಿಂದೆ ಬರತಕ್ಕದ್ದೇ. ಈ ಅಂತರವು ನನಗೆ ಸ್ಪಷ್ಟವಾದದ್ದು ಮಲಪ್ರಭೆಯ ದಂಡೆಯ ಕೊಣ್ಣೂರನ್ನು ಕುರಿತು ಚಿಂತಿಸಿದಾಗ.

2019ರ ಆಗಸ್ಟ್ ತಿಂಗಳಲ್ಲಿ ನವಿಲುತೀರ್ಥದ ಜಲಾಶಯ ತುಂಬಿ, ಹೊರಬಿಟ್ಟ ನೀರು ನರಗುಂದ ತಾಲೂಕಿನ ಈ ಊರನ್ನು ಹೊಕ್ಕು, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಸಂಚಾರವೂ ನಿಂತುಹೋದಾಗ ನಾಡೆಲ್ಲ ಮರುಗಿತು. ದೂರದವರಿಗೆ ಕಂಡದ್ದು ನೀರಿನ ಕ್ರೌರ್ಯ. ಆದರೆ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಮುಟ್ಟದಿದ್ದರೂ ಸರಕಾರವು ಅಭಿವೃದ್ಧಿ ಕರವನ್ನು ಕೇಳಿತೆಂದು ಸಿಡಿದೆದ್ದು 1980ರ ಜುಲೈ 21ರಂದು ಗೋಲಿಬಾರಿಗೆ ಎದೆಯೊಡ್ಡಿದ ಸೀಮೆ ಇದು. ಮಹದಾಯಿಯ ನೀರು ಮಲಪ್ರಭೆಗೆ ಕೂಡಲೆಂದು 2015ರಿಂದ ವರ್ಷಗಟ್ಟಲೆ ಧರಣಿ ಕುಳಿತ ಸೀಮೆಯೂ ಇದೇ. ಜೀವಮಾನವೆಲ್ಲ ಹಂಬಲಿಸಿ ಕರೆದ ನೀರೇ ಬಂದು ಮನೆಯ ಮಣ್ಣಿನ ಗೋಡೆಯನ್ನು ಕೆಡವಿದವನ ದುಃಖದಲ್ಲಿ ಒಂದು ಬಗೆಯ ವಂಚಿತಪ್ರೇಮವಿದೆ; ನಲ್ಲಿಯ ನೀರಿನಿಂದ ಬೆಳೆದ ನಾನು ಅದನ್ನು ಊಹಿಸಬಲ್ಲೆನೇ ಹೊರತು ಅನುಭವಿಸಲಾರೆ.

ಅದಕ್ಕೂ ಹಿಂದೆ, 2009ರ ಮಹಾಪೂರದ ತರುವಾಯ, ಸರಕಾರವೂ ದಾನಿಗಳೂ ಸೇರಿ ನೊಂದವರಿಗೆ ‘ಆಸರೆ’ಯ ಮನೆಗಳನ್ನು ಎತ್ತರದ ನೆಲದಲ್ಲಿ ಕಟ್ಟಿಸಿದರು. ಆ ಕರುಣೆ ಕೃತ್ರಿಮವಾದುದಲ್ಲ. ಆದರೂ ಉತ್ತರ ಕರ್ನಾಟಕದ ಹೊಳೆದಂಡೆಯ ಅನೇಕ ಊರುಗಳಲ್ಲಿ ಎಷ್ಟೋ ಕುಟುಂಬಗಳು ಅವುಗಳಿಗೆ ಹೋಗಲಿಲ್ಲ, ಹೋದವರಲ್ಲಿಯೂ ಕೆಲವರು ಹಳೆಯ ಊರಿಗೇ ತಿರುಗಿ ಬಂದರು. ‘ಇವರಿಗೆ ಒಳ್ಳೆಯದು ತಿಳಿಯದು’ ಎಂದವರೂ ಉಂಟು. ಮನೆಯೆಂದರೆ ಮಳೆ ತಾಗದ ಕೋಣೆಯೆಂದು ಕಲ್ಪಿಸಿಕೊಂಡವನಿಗೆ, ಎತ್ತುಗಳ ಉಸಿರು ಕೇಳುವಷ್ಟು ಹತ್ತಿರದಲ್ಲಿ ಮಲಗುವ, ಗೋದಲಿ, ಹಗೇವು, ಕಣಕಿಯ ಬಣವಿ ಇವೆಲ್ಲ ಸೇರಿದರೆ ಮಾತ್ರ ಮನೆಯೆನ್ನುವ ಒಕ್ಕಲಿಗನ ಮನೆ ತಿಳಿಯಲಿಲ್ಲ. ಕಂಬನಿ ಒರಸಲು ಹೋದ ಕೈ, ಆ ಕಣ್ಣು ಏನನ್ನು ನೋಡುತ್ತಿತ್ತೆಂಬುದನ್ನು ವಿಚಾರಿಸಲಿಲ್ಲ.

ಕರುಣೆಗೂ ಅರಿವಿಗೂ ಇರುವ ಈ ಅಂತರವನ್ನು ಕುರಿತ ವಿಚಾರ ಕೊಣ್ಣೂರಿಗೆ ಹೊಸದಲ್ಲ. ಅಲ್ಲಿಯ ಪರಮೇಶ್ವರ ದೇವಾಲಯದ ಶಿಲಾಶಾಸನವು, ಅಂದು ಕೊಳನೂರೆನಿಸಿದ್ದ ಈ ಸ್ಥಳದಲ್ಲಿ ಸಾಮಂತ ಬಂಕೇಯನು ಕಟ್ಟಿಸಿದ ಜಿನಾಲಯಕ್ಕೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನು 860ರಲ್ಲಿ ದತ್ತಿಯಿತ್ತುದನ್ನು ಹೇಳುತ್ತದೆ. ಆ ಜಿನಾಲಯದ ಜೈನಧರ್ಮವು ಜೀವದಯೆಗೆ ಪರಮಸ್ಥಾನವನ್ನು ಕೊಟ್ಟೂ, ವಸ್ತುವಿನ ಅನಂತ ಧರ್ಮಗಳನ್ನು ಸರ್ವಜ್ಞನಾದ ಕೇವಲಜ್ಞಾನಿಯ ಹೊರತು ಮತ್ತಾರೂ ಸಾಕಲ್ಯವಾಗಿ ಅರಿಯರೆಂದು, ನಮ್ಮ ಪ್ರತಿಯೊಂದು ಮಾತಿನ ಮೊದಲಿಗೆ ‘ಸ್ಯಾತ್’, ಎಂದರೆ ‘ಒಂದು ದೃಷ್ಟಿಯಿಂದ’, ಎಂಬ ವಿನಯವನ್ನು ಇರಿಸಿತು. ದಯೆಗೆ ಮಿತಿಯಿಲ್ಲ, ಅರಿವಿಗೆ ಮಿತಿಯುಂಟು ಎಂಬೀ ಎರಡನ್ನೂ ಒಂದೇ ದರ್ಶನವು ಹಿಡಿದುಕೊಂಡುದು ನನಗೆ ಅತ್ಯಂತ ಆಶ್ಚರ್ಯಕರವಾಗಿ ತೋರುತ್ತದೆ. ಪರರ ನೋವನ್ನು ಪೂರ್ಣವಾಗಿ ಅರಿಯಲಾರೆವೆಂದು ಕೈಕಟ್ಟಿ ಕುಳಿತರೆ ಅದು ನಿರ್ದಯತೆ. ಮರುಗಿದ ಮಾತ್ರಕ್ಕೆ ಅರಿತೆವೆಂದು ಭಾವಿಸಿದರೆ, ನೊಂದವನ ಬಾಯಿಯ ಮಾತನ್ನೂ ನಾವೇ ಕಸಿದುಕೊಂಡಂತೆ.

ಹೊಳೆ ಮತ್ತೆ ಬರುವುದು. ಆಗ ದೋಣಿಯನ್ನು ಕಳುಹಿಸಲು ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. ನೀರಿಳಿದ ಮೇಲೆ ಹೊಸ ಮನೆಯ ನಕ್ಷೆಯನ್ನು ಬರೆಯಲು ಕುಳಿತವನು ಮಾತ್ರ, ಗೋದಲಿ ಯಾವ ಗೋಡೆಗಿರಬೇಕೆಂದು ಆ ಮನೆಯ ಮುದುಕಿಯನ್ನು ಕೇಳಿ, ಅವಳು ಹೇಳಿ ಮುಗಿಸುವವರೆಗೆ ಲೇಖನಿಯನ್ನು ಕೆಳಗಿಡಬೇಕು.